ನಲವತ್ತರ ಮೇಲೆ ಮನಶ್ಶಾಸ್ತ್ರ

ಮೊದಲನೇ ಸೆಮಿಸ್ಟರಿನ ಪರೀಕ್ಷೆಯ ದಿನ ಕಂಪ್ಯೂಟರಿನ ಪರದೆಯೊಳಗಿಂದ ಮೇಲ್ವಿಚಾರಕರೊಬ್ಬರು ಹಿಂದಿಯಲ್ಲಿ ಕೇಳಿದರು: "ಕೋಣೆಯಲ್ಲಿ ಯಾರಿದ್ದೀರಿ?" ನಾವು ಹೇಳಿದೆವು: "ನಾವು ಇದ್ದೇವೆ ಸಾರ್." ಅವರ ಮುಖ ಬಿಗಿಯಾಯಿತು. "ನೀವು ಅಂದರೆ ಎಷ್ಟು ಜನ? ಪರೀಕ್ಷೆ ಬರೆಯುವವರನ್ನು ಬಿಟ್ಟು ಬೇರೆ ಯಾರೂ ಇರುವಂತಿಲ್ಲ. ಕ್ಯಾಮೆರಾ ತಿರುಗಿಸಿ ತೋರಿಸಿ." ನಾವು ತಿರುಗಿಸಿದೆವು. ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಯಂತ್ರ, ನೋಟ್ ಪುಸ್ತಕಗಳ ಕಟ್ಟು, ಅರ್ಜಿ ಬರೆಯುವ ಮೇಜು, ಎಳೆದಿದ್ದ ಷಟರು, ಗೋಡೆಯ ಮೇಲೊಂದು ಹಲ್ಲಿ. ಹಲ್ಲಿಯನ್ನು ಅವರು ಆಕ್ಷೇಪಿಸಲಿಲ್ಲ.

ತಪ್ಪು ಅವರದಲ್ಲ. ಉರ್ದು ಕಿತಾಬುಗಳನ್ನು ಓದಿ ಬೆಳೆದ ನಮ್ಮ ಅಬ್ಬಾ ತಮ್ಮನ್ನು ತಾವು 'ಹಮ್' ಎಂದೇ ಹೇಳಿಕೊಳ್ಳುತ್ತಿದ್ದರು. ಸಂಪಾದನೆ ಸಣ್ಣದಿದ್ದರೂ ಸರ್ವನಾಮ ದೊಡ್ಡದಿತ್ತು. ಅದು ನಮ್ಮ ನಾಲಿಗೆಗೂ ಅಂಟಿತು. ಏಳನೇ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ. ಭಾಷೆ ಬದಲಾದರೂ 'ನಾವು' ಹೋಗಲಿಲ್ಲ. ಕಥೆ ಬರೆಯತೊಡಗಿದ ಮೇಲೆ ಸಂಪಾದಕರೊಬ್ಬರು 'ಈ ನಾವು ಯಾರು?' ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. ಆಗ ಉತ್ತರ ಕೊಡಲಾಗಲಿಲ್ಲ.

ನಲವತ್ತೈದು ದಾಟಿದ ಮೇಲೆ, ಮಗಳು ಪಿಯುಸಿ ಓದುತ್ತಿರುವಾಗ, ಅಂಗಡಿ ನಡೆಸುತ್ತಲೇ ಆನ್‌ಲೈನಿನಲ್ಲಿ ಅನ್ವಯಿಕ ಮನಶ್ಶಾಸ್ತ್ರದ ಎಂ.ಎ.ಗೆ ಸೇರಿದಾಗ ಊರಿನಲ್ಲಿ ನಕ್ಕವರೇ ಹೆಚ್ಚು. ಮಸೀದಿಯ ಮುಂದಿನ ಚಹಾದಂಗಡಿಯಲ್ಲಿ ಒಬ್ಬರು "ಇನ್ನು ಇವರ ಮುಂದೆ ಮಾತಾಡೋಕೆ ಹೆದರಿಕೆ, ಮನಸ್ಸಿನಲ್ಲಿರೋದನ್ನೆಲ್ಲ ಓದಿಬಿಡ್ತಾರೆ" ಎಂದರು. ನಮ್ಮ ಮನೆಯವರು ಮಾತ್ರ ಬೇರೆ ಮಾತು ಹೇಳಿದರು: "ಮೊದಲು ನನ್ನ ಮನಸ್ಸಲ್ಲೇನಿದೆ ಹೇಳಿ, ಆಮೇಲೆ ಫೀಸು ಕಟ್ಟಿ." ನಮಗೆ ಹೇಳಲಾಗಲಿಲ್ಲ. ಆದರೂ ಫೀಸು ಕಟ್ಟಿದೆವು. ಅದು 2024.

ಹನಗೋಡು ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹುಣಸೂರು ತಾಲೂಕಿನ ಒಂದು ಹೋಬಳಿ. ಕೊಡಗಿನಿಂದ ಇಳಿದು ಬರುವ ಲಕ್ಷ್ಮಣತೀರ್ಥ ನದಿಗೆ ಇಲ್ಲೊಂದು ಅಣೆಕಟ್ಟೆ ಇದೆ. ಅದರ ನಾಲೆಗಳಲ್ಲಿ ನೀರು ಹರಿದರೆ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ನಮ್ಮ ಅಂಗಡಿಯಲ್ಲಿ ವ್ಯಾಪಾರ. ಆಚೆ ನಾಗರಹೊಳೆ ಕಾಡು. ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳು. ಮಿಕ್ಕಂತೆ ರಾಗಿ, ಮುಸುಕಿನ ಜೋಳ, ಎಲ್ಲಕ್ಕಿಂತ ಮಿಗಿಲಾಗಿ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಮನೆಯ ಹಿಂದೆ ಎತ್ತರದ ಬ್ಯಾರನ್ ಇಲ್ಲದ ಊರು ಅಪರೂಪ. ಮದುವೆ, ಮನೆ ರಿಪೇರಿ, ಮಕ್ಕಳ ಫೀಸು ಎಲ್ಲಕ್ಕೂ 'ಸೊಪ್ಪು ಹರಾಜಾಗಲಿ' ಎನ್ನುವುದೇ ವಾಯಿದೆ.

ಇಲ್ಲಿಂದ ಮೈಸೂರಿನ ಮಾನಸಗಂಗೋತ್ರಿಗೆ ಹೋಗಿ ಓದಬೇಕೆಂದರೆ ಹುಣಸೂರಿಗೊಂದು ಬಸ್ಸು, ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೆ ಇನ್ನೊಂದು ಬಸ್ಸು. ಇಪ್ಪತ್ತರ ಹುಡುಗರಿಗೆ ಅದು ದಾರಿ. ಅಂಗಡಿ ಬಾಗಿಲು ತೆರೆಯದಿದ್ದರೆ ಅಂದಿನ ಹಾಲಿಗೂ ತತ್ವಾರ ಎನ್ನುವವರಿಗೆ ಅದು ಗೋಡೆ. ಬಿ.ಎ.ಯನ್ನೂ ನಾವು ಕಾಲೇಜು ಮೆಟ್ಟಿಲು ಹತ್ತಿ ಮಾಡಿದವರಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾದ ಅಂಚೆ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಾವು ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಸೇರಿದವರು. ಪೋಸ್ಟ್‌ಮನ್ ಸೈಕಲ್ಲಿನಲ್ಲಿ ಪಾಠದ ಕಟ್ಟು ತಂದಾಗ ಅಮ್ಮಿ ಅದನ್ನು ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದರು. ಈಗ ಪಾಠ ಗಾಳಿಯಲ್ಲಿ ಬರುತ್ತದೆ. ಕಣ್ಣಿಗೊತ್ತಿಕೊಳ್ಳಲು ಏನೂ ಇಲ್ಲ.

ಗಾಳಿಯಲ್ಲಿ ಬರುವ ಮಾತು ಎಂದಾಗ ಒಂದು ಸಂಗತಿ ನೆನಪಾಗುತ್ತದೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣ ಪ್ರಸಾರ ಯಂತ್ರವಿಟ್ಟು ಬಾನುಲಿ ಕೇಂದ್ರವನ್ನೂ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ದೇಶದ ರೇಡಿಯೋಕ್ಕೆಲ್ಲ ಆ ಹೆಸರು ಬಂತು. ಮನಸ್ಸಿನ ಪಾಠ ಹೇಳುವ ಮೇಷ್ಟ್ರೇ ತರಗತಿಯ ಗೋಡೆ ದಾಟಿ ಕಾಣದವರ ಕಿವಿಗೆ ಮಾತು ಮುಟ್ಟಿಸಲು ಹೊರಟದ್ದು ಕಾಕತಾಳೀಯ ಇರಬಹುದು. ಆದರೂ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಾಗ ಆ ಮೇಷ್ಟ್ರು ನಮ್ಮ ಪಕ್ಷದವರೇ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆವು.

ಧೈರ್ಯ ಬೇಕೇ ಇತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಉರ್ದುವಿನಲ್ಲಿ ಈ ಶಾಸ್ತ್ರಕ್ಕೆ 'ನಫ್ಸಿಯಾತ್' ಎನ್ನುತ್ತಾರೆ. ಅಬ್ಬಾ ಹೇಳುತ್ತಿದ್ದ 'ನಫ್ಸ್' ಎಂದರೆ ಹದ್ದುಬಸ್ತಿನಲ್ಲಿಡಬೇಕಾದ ಕುದುರೆ. ಕನ್ನಡದಲ್ಲಿ ಮನಸ್ಸೆಂದರೆ ಮರ್ಕಟ. ಇಂಗ್ಲಿಷ್ ಪುಸ್ತಕದಲ್ಲಿ ಕುದುರೆಯೂ ಇಲ್ಲ, ಕೋತಿಯೂ ಇಲ್ಲ. ಅಳತೆ ಇದೆ, ಕೋಷ್ಟಕ ಇದೆ, ಸರಾಸರಿ ಇದೆ. ಜರ್ಮನಿಯ ಲೈಪ್‌ಸಿಗ್‌ನಲ್ಲಿ 1879ರಲ್ಲಿ ವುಂಟ್ ಪ್ರಯೋಗಾಲಯ ತೆರೆದಲ್ಲಿಂದ ಹಿಡಿದು ಇಂದಿನ ಮಿದುಳಿನ ಚಿತ್ರಗಳವರೆಗೆ ನೂರೈವತ್ತು ವರ್ಷದ ಕಥೆಯನ್ನು ವಾರಕ್ಕೆ ನಾಲ್ಕು ವಿಡಿಯೋಗಳಲ್ಲಿ ಮುಗಿಸುತ್ತಾರೆ.

ಸಂಖ್ಯಾಶಾಸ್ತ್ರ ನಮ್ಮನ್ನು ಮೊದಲ ತಿಂಗಳಲ್ಲೇ ಮಣ್ಣು ಮುಕ್ಕಿಸಿತು. 'ಮಾನಕ ವಿಚಲನೆ' ಎನ್ನುವುದನ್ನು ಮೂರು ವಿಡಿಯೋ ನೋಡಿದರೂ ಅರಿಯಲಾಗಲಿಲ್ಲ. ಕೊನೆಗೆ ಮಗಳು ಕಲಿಸಿದಳು. "ಅಬ್ಬಾ, ಗೌಡರ ಎರಡು ಬ್ಯಾರನ್ ಇದೆ ಅಂದ್ಕೊಳ್ಳಿ. ರಾತ್ರಿಯಿಡೀ ಎರಡರ ಶಾಖದ ಸರಾಸರಿಯೂ ಒಂದೇ. ಆದರೆ ಒಂದರಲ್ಲಿ ಶಾಖ ಒಂದೇ ಸಮ ನಿಂತಿದೆ, ಇನ್ನೊಂದರಲ್ಲಿ ಒಮ್ಮೆ ವಿಪರೀತ ಏರಿ ಒಮ್ಮೆ ಇಳಿದಿದೆ. ಸೊಪ್ಪು ಯಾವುದರಲ್ಲಿ ಹಾಳಾಗುತ್ತೆ?" ನಮಗೆ ತಟ್ಟನೆ ಹೊಳೆಯಿತು. ಸರಾಸರಿ ನೋಡಿ ಬದುಕು ಚೆನ್ನಾಗಿದೆ ಎನ್ನಬಾರದು. ಏರಿಳಿತ ಎಷ್ಟೆಂದು ಕೇಳಬೇಕು. ಪುಸ್ತಕದ ಮೂವತ್ತು ಪುಟ ಹೇಳದ್ದನ್ನು ಹದಿನೇಳರ ಹುಡುಗಿ ಹೇಳಿದಳು. ಆ ಪತ್ರಿಕೆಯಲ್ಲಿ ನಮಗೆ ಬಂದ ಅಂಕ ಅವಳದೇ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದವರಿಗೆ 'ಕಥೆ ಬರೆಯುವವರಿಗೆ ಉಪಯೋಗ' ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ನಿಜವಾದ ಕಾರಣ ನಮ್ಮ ಖಾಲಾ, ಅಮ್ಮಿಯ ತಂಗಿ.

ನಾವು ಪಿಯುಸಿಯಲ್ಲಿದ್ದಾಗ ಖಾಲಾಗೆ ಹುಷಾರು ತಪ್ಪಿತು. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ ಹೋಯಿತು. ಯಾರೋ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎನ್ನುತ್ತಿದ್ದರು. ಜಿನ್ ಹಿಡಿದಿದೆ ಎಂದರು. ತಾವೀಜು ಕಟ್ಟಿದರು, ನೀರು ಊದಿ ಕುಡಿಸಿದರು. ಗುಣ ಕಾಣದಾಗ ದೂರದ ಒಂದು ದರ್ಗಾದ ಬಳಿ, ಇಂಥವರನ್ನು ಇರಿಸಿಕೊಳ್ಳುವ ಒಂದು ಜಾಗದಲ್ಲಿ ಬಿಟ್ಟು ಬಂದರು. ನಾವೂ ಒಮ್ಮೆ ನೋಡಲು ಹೋಗಿದ್ದೆವು. ಕಾಲಿಗೆ ಸರಪಳಿ ಇತ್ತು. "ರಾತ್ರಿ ಎದ್ದು ಹೋಗಿಬಿಡ್ತಾರೆ, ಅವರ ಒಳ್ಳೆಯದಕ್ಕೇ" ಎಂದು ಅಲ್ಲಿನವರು ಹೇಳಿದರು. ಹತ್ತೊಂಬತ್ತು ವರ್ಷದ ನಾವು ತಲೆಯಾಡಿಸಿದೆವು. ಆ ತಲೆಯಾಡಿಸಿದ್ದು ಇಂದಿಗೂ ಮರೆತಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಅಂಥದೇ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಪತ್ರಿಕೆ ಓದುತ್ತಿದ್ದ ಅಬ್ಬಾ ಅದನ್ನು ಮಡಿಸಿಟ್ಟು ಎದ್ದರು. ಮರುದಿನವೇ ಬಸ್ಸು ಹತ್ತಿ ಹೋಗಿ ಖಾಲಾರನ್ನು ಕರೆತಂದರು. "ದುವಾ ಮನೆಯಲ್ಲೂ ಮಾಡಬಹುದು" ಎಂದಷ್ಟೇ ಹೇಳಿದರು. ಮೈಸೂರಿನ ದೊಡ್ಡಾಸ್ಪತ್ರೆಗೆ ತೋರಿಸಿದರು. ಮಾತ್ರೆ ಕೊಟ್ಟರು. ನಾಲ್ಕಾರು ತಿಂಗಳಲ್ಲಿ ಖಾಲಾ ಹಿಟ್ಟು ನಾದತೊಡಗಿದರು. ವರ್ಷದೊಳಗೆ ಮನೆಯ ಅಡುಗೆ ಅವರ ಕೈಗೆ ಬಂತು. ಜಿನ್ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಇಲ್ಲಿಯವರೆಗೆ ಇದು ನೆಮ್ಮದಿಯ ಕಥೆ. ನಮ್ಮ ಪಾಲು ಇನ್ನು ಮುಂದಿದೆ. 2004ರಲ್ಲಿ ನಾವೊಂದು ಕಥೆ ಬರೆದೆವು. ಅದರಲ್ಲಿ ಸರಪಳಿ ಇತ್ತು, ಲೋಬಾನದ ಹೊಗೆ ಇತ್ತು, ಕೊನೆಯಲ್ಲಿ ಅಮಾವಾಸ್ಯೆಯ ರಾತ್ರಿ ಹೆಂಗಸೊಬ್ಬಳು ಸಾಯುತ್ತಿದ್ದಳು. ಕಥೆಗೆ ಬಹುಮಾನ ಬಂತು. ಮುಸ್ಲಿಂ ಬದುಕಿನ ಒಳನೋಟ ಎಂದು ವಿಮರ್ಶಕರು ಹೊಗಳಿದರು. ಖಾಲಾಗೆ ಕನ್ನಡ ಓದಲು ಬಾರದು, ಅದೇ ನಮ್ಮ ಧೈರ್ಯ. ಆದರೆ ಯಾರೋ ಹೇಳಿದ್ದರು. ಒಂದು ಸಂಜೆ ರೊಟ್ಟಿ ಬೇಯಿಸುತ್ತ ತಿರುಗಿ ನೋಡದೆ ಕೇಳಿದರು: "ನನ್ನ ಕಥೆ ಬರೆದಿದ್ದೀಯಂತೆ. ಅದರಲ್ಲಿ ನನ್ನನ್ನು ಸಾಯಿಸಿದ್ದೀಯಂತೆ?" ನಾವು ಕಥೆ ಬೇರೆ, ಜೀವನ ಬೇರೆ ಎಂದೇನೋ ತೊದಲಿದೆವು. ಖಾಲಾ ರೊಟ್ಟಿ ಮಗುಚಿ ಹಾಕಿ ಹೇಳಿದರು: "ಇನ್ನೊಂದು ಸಲ ಬರೆಯೋದಾದ್ರೆ, ಮಾತ್ರೆ ತಗೊಂಡೆ ಅಂತ ಬರಿ."

ಅವರು 2019ರಲ್ಲಿ, ವಯಸ್ಸಾಗಿ, ಎಲ್ಲರಿಗೂ ಬರುವ ಸಾವನ್ನು ಸತ್ತರು. ಹದಿನೇಳು ಹದಿನೆಂಟು ವರ್ಷ ಅವರು ಬದುಕಿದ ಬದುಕಿನ ಒಂದು ಸಾಲೂ ನಮ್ಮ ಕಥೆಯಲ್ಲಿಲ್ಲ. ಕಾಯಿಲೆ ನಮಗೆ ಕಥೆಯಾಗಿ ಕಂಡಿತ್ತು, ಗುಣವಾದದ್ದು ಕಥೆಯಾಗಿ ಕಂಡಿರಲಿಲ್ಲ.

ಎರಡನೇ ಸೆಮಿಸ್ಟರಿನ ಓದಿನ ನಡುವೆ ಒಂದು ಹೆಸರು ಸಿಕ್ಕಿತು: ಅಬೂ ಝೈದ್ ಅಲ್ ಬಲ್ಖಿ. ಒಂಬತ್ತು-ಹತ್ತನೇ ಶತಮಾನದ ವಿದ್ವಾಂಸ, 934ರಲ್ಲಿ ತೀರಿಕೊಂಡವರು. ದೇಹ ಮತ್ತು ಮನಸ್ಸುಗಳ ಕ್ಷೇಮದ ಬಗ್ಗೆ ಅರಬ್ಬಿಯಲ್ಲಿ ಪುಸ್ತಕ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದೆ ಬಂದು ಕವಿಯುವ ದುಃಖ ಬೇರೆ. ಎರಡನೆಯದಕ್ಕೆ ದೇಹದಲ್ಲೇ ಮೂಲವಿರುತ್ತದೆ, ಔಷಧಿ ಬೇಕು ಎಂದು ಸಾವಿರ ವರ್ಷಗಳ ಹಿಂದೆಯೇ ಹೇಳಿದರು. ಬಿಡದೆ ಕಾಡುವ ಯೋಚನೆಗಳನ್ನೂ ವಿವರಿಸಿದರು. ಉರ್ದು ಶಾಲೆಯಲ್ಲಿ ನಮಗೆ ಈ ಹೆಸರು ಹೇಳಿಕೊಡಲಿಲ್ಲ. ಖಾಲಾರ ತೋಳಿಗೆ ತಾವೀಜು ಕಟ್ಟಿದ ಯಾರಿಗೂ ಗೊತ್ತಿರಲಿಲ್ಲ. ನಮ್ಮದೇ ಅಟ್ಟದ ಮೇಲೆ ಔಷಧಿಯ ಪೆಟ್ಟಿಗೆ ಇಟ್ಟುಕೊಂಡು ನಾವು ಸರಪಳಿಯ ಅಂಗಡಿಗೆ ಹೋಗಿದ್ದೆವು. ಈಗಂತೂ ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಗಳಿಗೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎನ್ನುತ್ತದೆ.

ಓದುತ್ತಿರುವ ಸುದ್ದಿ ಹರಡಿದ ಮೇಲೆ ಅಂಗಡಿಗೆ ಬರುವವರ ರೀತಿ ಬದಲಾಯಿತು. ಆಧಾರ್ ಜೆರಾಕ್ಸಿಗೆ ಬಂದವರು ಚಿಲ್ಲರೆ ತೆಗೆದುಕೊಂಡ ಮೇಲೂ ನಿಲ್ಲುತ್ತಿದ್ದರು. "ಮಗ ಮೂರು ತಿಂಗಳಿಂದ ಕೋಣೆ ಬಿಟ್ಟು ಬರ್ತಿಲ್ಲ." "ಸೊಸೆಗೆ ಹೆರಿಗೆಯಾದಾಗಿಂದ ಮಗೂನ ಎತ್ಕೊಳ್ಳಲ್ಲ." ನಮ್ಮ ಮೊದಲ ಪಾಠವೇ ಹೇಳಿತ್ತು, ಎಂ.ಎ. ಮಾಡಿದ ಮಾತ್ರಕ್ಕೆ ಯಾರೂ ಚಿಕಿತ್ಸಕರಾಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಬೇರೆಯೇ ತರಬೇತಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನಾವು ಕಲಿತದ್ದು ಮುಖ್ಯವಾಗಿ ಒಂದು ಕೆಲಸ: ಪೂರ್ತಿ ಕೇಳಿಸಿಕೊಳ್ಳುವುದು, ಆಮೇಲೆ ಎಲ್ಲಿಗೆ ಹೋಗಬೇಕೆಂದು ಹೇಳುವುದು. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಸಿಗುತ್ತಾರೆ ಎಂಬ ಮಾತನ್ನು ಎಷ್ಟು ಜನಕ್ಕೆ ಹೇಳಿದೆವೋ ಲೆಕ್ಕವಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯನ್ನು ಅವಲಂಬಿಸಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಓದುವಾಗ ಇದು ಕೋಷ್ಟಕ. ಅಂಗಡಿಯಲ್ಲಿ ನಿಂತಾಗ ಎದುರಿಗಿರುವವರ ಮುಖ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಹಿಂದುಗಡೆ ಗೌಡರ ಬ್ಯಾರನ್ನಿನ ಕಟ್ಟೆಯ ಮೇಲೆ ಕೂತರೆ ಸಿಗುತ್ತದೆ. ಹಾಗಾಗಿ ಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಅವರು ಬೆಂಕಿ ಕಾಯುತ್ತಿದ್ದರು, ನಾವು ಪಾಠ ಕೇಳುತ್ತಿದ್ದೆವು. ಹೊಗೆಸೊಪ್ಪು ಹದ ಮಾಡುವುದು ಹುಡುಗಾಟವಲ್ಲ. ಕಡ್ಡಿಗೆ ಪೋಣಿಸಿದ ಹಸಿ ಎಲೆಯನ್ನು ಒಳಗೆ ತೂಗುಹಾಕಿ, ಶಾಖವನ್ನು ಹಂತ ಹಂತವಾಗಿ ಏರಿಸುತ್ತ ಐದಾರು ದಿನ ಹಗಲು ರಾತ್ರಿ ಕಾಯಬೇಕು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ದುಡಿಮೆ ಕಡಿಮೆ ದರ್ಜೆಗಿಳಿಯುತ್ತದೆ.

2025ರ ಮಳೆಗಾಲದ ಒಂದು ರಾತ್ರಿ. ಒಂದೂವರೆ ಗಂಟೆ ಇರಬಹುದು. ನಾವು ಕೇಳುತ್ತಿದ್ದದ್ದು ಆತ್ಮಹತ್ಯೆ ತಡೆಯ ಪಾಠ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬುದು ತಪ್ಪು ನಂಬಿಕೆ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಸಲ ಅವರ ಭಾರ ಇಳಿಯುತ್ತದೆ ಎಂದು ಪಾಠ ಹೇಳಿತು. ಪಕ್ಕದಲ್ಲಿ ಗೌಡರು ಸೌದೆ ಹಾಕದೆ ಕೂತಿದ್ದರು. ಅವರು ಹಾಗೆ ಕೂರುವವರಲ್ಲ.

"ಯಾಕ್ ಗೌಡ್ರೆ, ಒಲೆ ಆರ್ತಾ ಇದೆ."

"ಆರ್ಲಿ ಬುಡಿ ಸಾಬ್ರೆ."

ಗಿಡ ನೆಟ್ಟ ಮೇಲೆ ಸುರಿದ ಮಳೆಗೆ ಅವರ ಅರ್ಧ ಬೆಳೆ ಕೊಳೆತಿತ್ತು. ಹಳೆಯ ಸಾಲದ ಮೇಲೆ ಹೊಸ ಸಾಲ ಇತ್ತು. ಇದೆಲ್ಲ ನಮಗೆ ಗೊತ್ತಿತ್ತು, ಏಕೆಂದರೆ ಸಾಲದ ಅರ್ಜಿ ಬರೆದವರು ನಾವೇ. 2015ರಲ್ಲಿ ರಾಜ್ಯದಲ್ಲಿ ರೈತರ ಆತ್ಮಹತ್ಯೆಯ ಸುದ್ದಿಗಳು ಸಾಲುಗಟ್ಟಿದಾಗ ಹೊಗೆಸೊಪ್ಪು ಬೆಳೆಗಾರರೂ ಅದರಲ್ಲಿದ್ದರು. ಆಗ ನಾವು ಆ ಬಗ್ಗೆಯೂ ಒಂದು ಕಥೆಯ ಟಿಪ್ಪಣಿ ಮಾಡಿಕೊಂಡಿದ್ದೆವು. ಈಗ ಆ ನೋಟ್‌ಬುಕ್ ನೆನಪಾಗಿ ನಾಚಿಕೆಯಾಯಿತು.

ಇಯರ್‌ಫೋನ್ ತೆಗೆದಿಟ್ಟೆವು. ಬಾಯಿ ಒಣಗಿತ್ತು. ಇಪ್ಪತ್ತು ವರ್ಷದ ನೆರೆಯವರನ್ನು ಈ ಮಾತು ಕೇಳುವುದು ಹೇಗೆ? ಕೇಳಿದೆವು: "ಗೌಡ್ರೆ, ಜೀವ ತಗೊಳ್ಳೋ ಯೋಚ್ನೆ ಏನಾದ್ರೂ ಬಂದಿದೆಯಾ?"

ಬಹಳ ಹೊತ್ತು ಬೆಂಕಿ ನೋಡಿದರು. "ಬಂದಿತ್ತು" ಎಂದರು. "ನಿಮ್ಗೆಂಗೆ ಗೊತ್ತಾಯ್ತು?"

ನಮಗೆ ಗೊತ್ತಾಗಿರಲಿಲ್ಲ, ಕೇಳಿದೆವು ಅಷ್ಟೆ. ಅದನ್ನೇ ಹೇಳಿದೆವು. ಆಮೇಲೆ ಅವರು ಮಾತಾಡಿದರು. ನಾವು ಬುದ್ಧಿ ಹೇಳಲಿಲ್ಲ. 'ಮಕ್ಕಳ ಮುಖ ನೋಡಿ' ಎನ್ನಲಿಲ್ಲ; ಆ ಮುಖ ನೋಡಿಯೇ ಅವರಿಗೆ ನಿದ್ದೆ ಹೋಗಿತ್ತು. ಮಾತು ನಿಂತ ಮೇಲೆ 14416ಕ್ಕೆ ಫೋನ್ ಮಾಡೋಣವೇ ಎಂದು ಕೇಳಿದೆವು. 'ಟೆಲಿ-ಮಾನಸ್' ಎಂಬ ಈ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿಂದ ಹೆಣ್ಣು ಮಗಳೊಬ್ಬಳು "ಹೇಳಿ ಅಣ್ಣ" ಎಂದಳು. ನಾವು ಎದ್ದು ಹೋಗಿ ಒಲೆಗೆ ಸೌದೆ ಹಾಕತೊಡಗಿದೆವು. ಅವರ ಮಾತು ನಮ್ಮ ಕಿವಿಗೆ ಬೀಳಬಾರದು ಎನ್ನುವುದು ಒಂದು. ಸೊಪ್ಪು ಕೆಡಬಾರದು ಎನ್ನುವುದು ಇನ್ನೊಂದು. ಫಜರ್ ಆಜಾನ್ ಆಗುವವರೆಗೆ ಇಬ್ಬರೂ ಅಲ್ಲೇ ಇದ್ದೆವು. ಬೆಳಿಗ್ಗೆ ಅವರ ಒಪ್ಪಿಗೆ ಕೇಳಿ ಅವರ ಮನೆಯವರಿಗೆ ಹೇಳಿದೆವು. ಮಂಗಳವಾರ ಹುಣಸೂರಿಗೆ ಜೊತೆಯಲ್ಲಿ ಹೋದೆವು. ಸಾಲ ಇನ್ನೂ ಇದೆ. ಗೌಡರೂ ಇದ್ದಾರೆ.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ನಮ್ಮ ಬೀದಿಯ ಒಬ್ಬಳು ಹುಡುಗಿ, ನಮ್ಮನ್ನು ಮಾಮು ಎನ್ನುವವಳು, ಬಿ.ಎ. ಮುಗಿಸಿ ಮದುವೆಯಾಗಿ, ಎರಡು ವರ್ಷದ ಮಗುವಿನೊಂದಿಗೆ ತವರಲ್ಲಿದ್ದಾಳೆ. ನಮ್ಮನ್ನು ನೋಡಿ ಅವಳಿಗೂ ಓದುವ ಆಸೆ ಹುಟ್ಟಿತು. ಚೀಟಿ ಹಾಕಿ ಫೀಸಿಗೆ ದುಡ್ಡು ಕೂಡಿಸಿದಳು. ಅರ್ಜಿ ತುಂಬಲು ಅಂಗಡಿಗೆ ಬಂದ ವಾರದಲ್ಲೇ ಸುದ್ದಿ ಬಂತು: ಮನಶ್ಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪೋಷಣೆ ಮೊದಲಾದ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ, 2025ರ ಜುಲೈ-ಆಗಸ್ಟ್ ಅವಧಿಯಿಂದ ಹೊಸ ಪ್ರವೇಶ ಕೊಡುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಆದೇಶಿಸಿತು. ಆರೋಗ್ಯ ವೃತ್ತಿಗಳ ಬಗ್ಗೆ 2021ರಲ್ಲಿ ಬಂದ ಕಾಯ್ದೆ ಅದಕ್ಕೆ ಆಧಾರ. ಮೊದಲೇ ಸೇರಿದ್ದ ನಾವು ಬಾಗಿಲ ಒಳಗೆ ಉಳಿದೆವು. ಒಂದು ವರ್ಷ ತಡವಾಗಿ ಬಂದ ಅವಳು ಹೊರಗೆ ಉಳಿದಳು.

ಆದೇಶ ತಪ್ಪೆಂದು ಕೂಗುವುದು ಸುಲಭ. ನಾವು ಕೂಗಲಾರೆವು. ಗೌಡರ ಪಕ್ಕ ಕೂತ ಆ ರಾತ್ರಿ ನಮ್ಮ ಬಳಿ ಇದ್ದದ್ದು ವಿಡಿಯೋದಲ್ಲಿ ಕೇಳಿದ ಹತ್ತು ನಿಮಿಷದ ಪಾಠ. ನಮ್ಮ ಪ್ರಶ್ನೆ ಸರಿಯಿತ್ತೇ, ಧ್ವನಿ ಸರಿಯಿತ್ತೇ ಎಂದು ಹಿಂದೆ ನಿಂತು ನೋಡುವ ಗುರುಗಳಿರಲಿಲ್ಲ. ಈಜು ಕಲಿಸುವ ಪುಸ್ತಕ ಓದಿ ಲಕ್ಷ್ಮಣತೀರ್ಥಕ್ಕೆ ಹಾರಿದಂತೆ. ನಮ್ಮ ಅದೃಷ್ಟ, ಅವರ ಆಯುಷ್ಯ. ಮನುಷ್ಯರ ಮನಸ್ಸನ್ನು ಮುಟ್ಟುವ ವಿದ್ಯೆಯನ್ನು ಎದುರಿಗೆ ಕೂತು ಕಲಿಯಬೇಕು ಎನ್ನುವವರ ಮಾತಿನಲ್ಲಿ ಸತ್ಯವಿದೆ. ನಮ್ಮ ಖಾಲಾರನ್ನು ಅರೆಬರೆ ಕಲಿತವರ ಕೈಗೆ ಕೊಟ್ಟು ಕೆಟ್ಟವರು ನಾವು. ಅರೆಬರೆ ವಿದ್ಯೆಯ ಬೆಲೆ ನಮಗೆ ಗೊತ್ತು.

ಆದರೆ ಎದುರಿಗೆ ಕೂತು ಕಲಿಯಲು ಆ ಹುಡುಗಿ ಎಲ್ಲಿಗೆ ಹೋಗಬೇಕು? ಬಾಗಿಲು ಮುಚ್ಚಿದವರು ಕಿಟಕಿಯನ್ನಾದರೂ ತೋರಿಸಬೇಕಿತ್ತು. ಪಾಠ ಮನೆಯಲ್ಲಿ, ತರಬೇತಿ ತಾಲೂಕು ಆಸ್ಪತ್ರೆಯಲ್ಲಿ ಎಂದು ಮಾಡಲು ಆಗುವುದಿಲ್ಲವೇ? ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆ ಹಳ್ಳಿಯಲ್ಲೇ ಸಿಗಬಹುದು ಎಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಚಿಕಿತ್ಸೆ ಹಳ್ಳಿಗೆ ಬರಬಹುದಾದರೆ ಕಲಿಕೆ ಯಾಕೆ ಬರಬಾರದು? ನಮ್ಮ ಸಮುದಾಯದ ಹೆಣ್ಣುಮಕ್ಕಳು ಓದಿಗೆ ಮುಂದೆ ಬಂದಿದ್ದಾರೆ ಎಂದು ನಾವೇ ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಮುಂದೆ ಬಂದವರಿಗೆ ಬಸ್ಸಿಲ್ಲ, ಮಗು ನೋಡಿಕೊಳ್ಳುವವರಿಲ್ಲ, ಈಗ ಪರದೆಯ ಮೇಲಿನ ಪಾಠವೂ ಇಲ್ಲ. ಅದರಲ್ಲಿ ಸರ್ಕಾರದ ಪಾಲೆಷ್ಟು, ನಮ್ಮ ಮನೆಗಳ ಪಾಲೆಷ್ಟು ಎಂದು ಕೇಳಿಕೊಂಡರೆ ನಮ್ಮ ಪಾಲು ಸಣ್ಣದಲ್ಲ.

ಈಗ ನಮ್ಮದು ಕೊನೆಯ ಘಟ್ಟ, ಕಿರುಪ್ರಬಂಧ. ಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಬೆಳೆಗಾರ ಮನೆಗಳವರ ನಿದ್ದೆ ಮತ್ತು ಮನಸ್ಸು ಎಂಬುದು ವಿಷಯ. ಮಾಹಿತಿ ಕೊಡುವವರ ಒಪ್ಪಿಗೆ ಪತ್ರ ಬೇಕು, ಹೆಸರು ಬರೆಯುವಂತಿಲ್ಲ, ಬೇಡವೆಂದರೆ ಯಾವಾಗ ಬೇಕಾದರೂ ಬಿಟ್ಟುಹೋಗಬಹುದು. ಈ ಮೂರು ನಿಯಮಗಳನ್ನು ಓದಿದಾಗ ಖಾಲಾರ ನೆನಪಾಗಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. ಕಥೆಗಾರರಿಗೆ ಇಂಥ ನಿಯಮ ಯಾರೂ ಮಾಡಿಲ್ಲ. ಖಾಲಾರನ್ನು 'ಪ್ರಕರಣ'ವಾಗಿ ಬರೆದು ಕೊಡಬಹುದಿತ್ತು, ಕೊಡಲಿಲ್ಲ. ಅದಕ್ಕೆ ಒಪ್ಪಿಗೆ ಕೊಡಲು ಅವರಿಲ್ಲ. ಅವರು ಒಪ್ಪಿದ್ದ ಒಂದು ವಾಕ್ಯವನ್ನು ಇಲ್ಲಿ ಬರೆದಿದ್ದೇವೆ: ಅವರು ಮಾತ್ರೆ ತೆಗೆದುಕೊಂಡರು.

ಒಪ್ಪಿಗೆ ಪತ್ರಕ್ಕೆ ಮೊದಲು ಸಹಿ ಹಾಕಿದವರು ಗೌಡರು. "ಹೆಸ್ರು ಬೇಡ ಸಾಬ್ರೆ, ಆದ್ರೆ ಬರೀರಿ" ಎಂದರು. ಹೆಂಗಸರು ಮಾತ್ರ ನಮ್ಮ ಮುಂದೆ ಬಾಯಿ ಬಿಡಲಿಲ್ಲ. ರಾತ್ರಿ ಬ್ಯಾರನ್ ಕಾದು ಹಗಲು ಸೊಪ್ಪು ಪೋಣಿಸುವವರು ಅವರೇ, ಆದರೆ ನಿದ್ದೆಯ ಬಗ್ಗೆ ಗಂಡಸರ ಹತ್ತಿರ ಏನು ಹೇಳುವುದು? ಮಾರ್ಗದರ್ಶಕರಿಗೆ ಬರೆದು ಕೇಳಿ, ಅನುಮತಿ ಪಡೆದು, ಆ ಹುಡುಗಿಯನ್ನು ಜೊತೆಗೆ ಕರೆದುಕೊಂಡೆವು. ಸೊಂಟದ ಮೇಲೆ ಮಗು, ಕೈಯಲ್ಲಿ ಪ್ರಶ್ನಾವಳಿ. ಅವಳು ಕೂತಲ್ಲಿ ಹೆಂಗಸರು ಮಾತಾಡುತ್ತಾರೆ. ಕೇಳಿಸಿಕೊಳ್ಳುವುದು ಅವಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಪದವಿ ಮಾತ್ರ ನಮಗೆ ಬರುತ್ತದೆ.

ಕಿರುಪ್ರಬಂಧದ ಮೌಖಿಕ ಪರೀಕ್ಷೆ ಇನ್ನೂ ಬಾಕಿ ಇದೆ. ಈ ಕೆಲಸ ಮಾಡಿದವರು ಯಾರು ಎಂದು ಪರದೆಯೊಳಗಿನಿಂದ ಅವರು ಕೇಳಬಹುದು. ನಾವು ಎನ್ನುತ್ತೇವೆ. ಎಷ್ಟು ಜನ ಎ೦ದು ಕೇಳಿದರೆ ಈ ಸಲ ಎಣಿಸಿ ಹೇಳುತ್ತೇವೆ.